ಅಂಗಿಗಷ್ಟೇ ಅಂಟಿದ ವಾಸನೆ

ಬಡಗಿ ಹಾಸಿಗೆಯಲ್ಲೇ ಹೆಣವಾಗಿದ್ದ. ದಿಂಬಿನ ಪಕ್ಕ ಅರ್ಧ ಖಾಲಿಯಾದ ಬ್ರಾಂದಿ ಬಾಟಲಿ. ಕೋಣೆ ತುಂಬ ಘಾಟು.

"ರಾತ್ರಿ ಕುಡ್ಕೊಂಡು ಬಂದ, ಮೇಡಂ," ಎಂದಳು ಅವನ ಅಕ್ಕ. ತಾಯಿ ಸತ್ತ ಮೇಲೆ ಅವನನ್ನು ಸಾಕಿದವಳು ಅವಳೇ. "ಮನೇಲಿ ಏನೂ ಮುಟ್ಟಲಿಲ್ಲ. ಹಾಗೇ ಬಿದ್ಕೊಂಡ. ಬೆಳಿಗ್ಗೆ ಎಬ್ಬಿಸಿದ್ರೆ ಏಳಲಿಲ್ಲ. ನಾಯಿ ಬಾಲ ಡೊಂಕೇ ಅಲ್ವಾ?"

ಇನ್‌ಸ್ಪೆಕ್ಟರ್ ಬಗ್ಗಿ ನೋಡಿದಳು. ಅಂಗಿಯ ಎದೆಭಾಗ ಒದ್ದೆ. ತುಟಿಯ ಹತ್ತಿರ ವಾಸನೆಯೇ ಇಲ್ಲ. ಶವವನ್ನು ಪರೀಕ್ಷೆಗೆ ಕಳಿಸಿದಳು.

*

"ಅವನು ಕುಡಿದಿರಲ್ಲ," ಎಂದಳು ಬಡಗಿ ಹೋಗುತ್ತಿದ್ದ ವ್ಯಸನಮುಕ್ತಿ ಕೇಂದ್ರದ ಆಪ್ತಸಮಾಲೋಚಕಿ.

"ಎಲ್ಲರೂ ಹಾಗೇ ಹೇಳ್ತಾರೆ," ಎಂದಳು ಇನ್‌ಸ್ಪೆಕ್ಟರ್.

"ನಾವಿಲ್ಲಿ ಉಪದೇಶ ಮಾಡಲ್ಲ. ಕುಡಿಯೋಕೆ ಮುಂಚೆ ತಲೇಲೊಂದು ಮಾತು ಬರುತ್ತೆ, ಅದನ್ನ ಹಿಡಿಯೋದು ಕಲಿಸ್ತೀವಿ. 'ನಾನು ಉದ್ಧಾರ ಆಗೋನಲ್ಲ' ಅನ್ನೋದು ಅವನ ತಲೇಲಿ ಬರ್ತಿದ್ದ ಮಾತು. ಅದಕ್ಕೇನು ಸಾಕ್ಷಿ ಅಂತ ತಿರುಗಿ ಕೇಳೋದು ಕಲಿತಿದ್ದ. ನಿನ್ನೆ ಸಂಜೆ ಅಮ್ಮನ್ನ ನೆನೆಸ್ಕೊಂಡು ಇಲ್ಲೇ ಅತ್ತ. ಕಣ್ಣು ಕೆಂಪಗೆ ಮಾಡ್ಕೊಂಡೇ ಹೋದ."

"ಬಾಟಲಿ ಎಲ್ಲಿಂದ ಬಂತು ಹಾಗಾದ್ರೆ?"



*

ಬಾಟಲಿ ಕೊಂಡವನು ಇವನೇ ಎಂದು ಬ್ರಾಂದಿ ಅಂಗಡಿಯವನು ಕ್ಷೌರದಂಗಡಿಯವನತ್ತ ಬೆರಳು ತೋರಿಸಿದ. ಅವನು ಬಡಗಿಯ ಹಳೇ ಕುಡಿತದ ಗೆಳೆಯ. ಪೊಲೀಸರನ್ನು ಕಂಡದ್ದೇ ಓಡಲು ನೋಡಿದ.

"ಬಾಟಲಿ ನಾನೇ ತಂದಿದ್ದು," ಎಂದು ಅಳತೊಡಗಿದ. "ದಾರೀಲಿ ಸಿಕ್ಕ, ಬಾ ಅಂದೆ. ಬಾಟಲಿ ಕಿತ್ಕೊಂಡು ಚೀಲಕ್ಕೆ ಹಾಕ್ಕೊಂಡ. 'ನಾಳೆ ನನ್ನ ಜೊತೆ ಕೇಂದ್ರಕ್ಕೆ ಬಾ, ನೀನೂ ಬಿಟ್ಬಿಡು' ಅಂದ. ಸೀಲು ಕೂಡ ಒಡೆದಿರಲಿಲ್ಲ. ಸುಳ್ಳಾದ್ರೆ ನಾಲಿಗೆ ಬಿದ್ದೋಗ್ಲಿ!"

ಇನ್‌ಸ್ಪೆಕ್ಟರ್ ನಂಬಲಿಲ್ಲ. ಶವಪರೀಕ್ಷೆಯ ವರದಿ ಬರುವವರೆಗೂ.

*

ಅಕ್ಕನ ಅಡುಗೆಮನೆ. ಆಪ್ತಸಮಾಲೋಚಕಿ ಬಾಗಿಲಲ್ಲಿ ನಿಂತಿದ್ದಳು.

"ಹೊಟ್ಟೇಲಿ ಒಂದು ತೊಟ್ಟೂ ಬ್ರಾಂದಿ ಇರಲಿಲ್ಲ," ಎಂದಳು ಇನ್‌ಸ್ಪೆಕ್ಟರ್. "ಇದ್ದಿದ್ದು ಹಾಲು, ನಿದ್ದೆ ಮಾತ್ರೆ. ಏನೂ ಮುಟ್ಟಲಿಲ್ಲ ಅಂದ್ರಿ. ಮಾತ್ರೆ ಡಾಕ್ಟರು ನಿಮಗೆ ಕೊಟ್ಟಿದ್ದು. ಮನೇಲಿ ಇದ್ದಿದ್ದು ನೀವಿಬ್ರೇ. ಬ್ರಾಂದಿನ ಆಮೇಲೆ ಅಂಗಿ ಮೇಲೆ ಸುರಿದಿದ್ದೀರಿ. ಕುಡುಕ ಸತ್ರೆ ಯಾಕೆ ಅಂತ ಯಾರೂ ಕೇಳಲ್ಲ, ಅಲ್ವಾ?"

ಅಕ್ಕ ಸಕ್ಕರೆ ಡಬ್ಬಿಯನ್ನು ಹಿಂದಕ್ಕೆ ಸರಿಸಿದಳು.

"ಕಣ್ಣು ಕೆಂಪಗಿತ್ತು. ಚೀಲದಲ್ಲಿ ಬಾಟಲಿ. ಮತ್ತೆ ಶುರುವಾಯ್ತು ಅಂದ್ಕೊಂಡೆ. ಇನ್ನೊಂದ್ಸಲ ಅವನನ್ನ ಚರಂಡಿಯಿಂದ ಎತ್ಕೊಂಡು ಬರೋ ತ್ರಾಣ ಇರಲಿಲ್ಲ, ಮೇಡಂ. ಕಹಿ ಗೊತ್ತಾಗದ ಹಾಗೆ ಹಾಲಿಗೆ ಸಕ್ಕರೆ ಸುರಿದೆ. 'ಸಿಹಿ ಜಾಸ್ತಿ ಆಯ್ತಕ್ಕ' ಅಂತ ನಕ್ಕು ಕುಡಿದ."

"ಬಾಟಲಿ ಸೀಲು?"

"ನಾನೇ ಒಡೆದೆ. ಮುಚ್ಚಳ ತಿರುಗಿಸಿದಾಗ ಕಟಕ್ ಅಂತು. ಆಗ ಗೊತ್ತಾಯ್ತು. ಅಷ್ಟರಲ್ಲಿ ಮೈ ತಣ್ಣಗಾಗಿತ್ತು."

ಆಪ್ತಸಮಾಲೋಚಕಿಗೆ ತಡೆಯಲಾಗಲಿಲ್ಲ. "ಒಂದು ಮಾತು ಕೇಳಬಹುದಿತ್ತಲ್ಲ, ಅಕ್ಕ?"

"ಕೇಳಿದ್ರೆ, ಕುಡಿದಿಲ್ಲ ಅಂತಿದ್ದ," ಎಂದಳು ಅವಳು. "ಯಾವತ್ತೂ ಹಾಗೇ ಅಂತಿದ್ದ."