ತೃಪ್ತಿಪಟ್ಟಿ

ನಾಲ್ಕನೆಯ ತುತ್ತು ಗಂಟಲಿಳಿಯುತ್ತಲೇ ಸಿಂಚನಾಳಿಗೆ ಹಬ್ಬದೂಟ ಮುಗಿಸಿದಂತಾಯಿತು. ತಟ್ಟೆಯಲ್ಲಿ ಮುಕ್ಕಾಲು ರೊಟ್ಟಿ ಹಾಗೆಯೇ ಇತ್ತು. ಜಠರದ ಸುತ್ತ ಹೊಲಿದಿದ್ದ ತೃಪ್ತಿಪಟ್ಟಿ, ಈರುಳ್ಳಿ ಪೊರೆಯಷ್ಟು ತೆಳುವಾದ ಆ ಉಪಕರಣ, ನರದ ಮೂಲಕ ಮಿದುಳಿಗೆ ‘ತುಂಬಿತು’ ಎಂಬ ಸುದ್ದಿ ಮುಟ್ಟಿಸಿತ್ತು.

ಅದು 2058ರ ಹುಬ್ಬಳ್ಳಿ. ಜಠರ ಕಿರಿದು ಮಾಡಿದ ಮೊದಲ ಶಸ್ತ್ರಚಿಕಿತ್ಸೆ ಕೆಲವು ವರ್ಷ ಫಲ ಕೊಟ್ಟು, ಆಮೇಲೆ ತೂಕವೆಲ್ಲ ಮರಳಿತ್ತು. ಎರಡನೆಯ ಸಲ ಈ ಪಟ್ಟಿ ಹಾಕಿದರು. ಮಂಡಿನೋವು ಹೋಯಿತು, ಸಕ್ಕರೆ ಕಾಯಿಲೆ ಹತೋಟಿಗೆ ಬಂತು. ಆದರೆ ನಾಲ್ಕು ತುತ್ತಿನ ಊಟ ಸಾಲದೆ, ಬಸ್ ಓಡಿಸುವಾಗ ಕಣ್ಣು ಕತ್ತಲೆಗಟ್ಟತೊಡಗಿ, ಡಿಪೋದವರು ಅವಳಿಗೆ ಬಸ್ ಕೊಡುವುದನ್ನೇ ನಿಲ್ಲಿಸಿದ್ದರು. ಆ ಕೆಲಸವಿಲ್ಲದೆ, ಹಗುರಾದ ಮೈಯನ್ನು ಏನು ಮಾಡುವುದೆಂದು ಅವಳಿಗೆ ತಿಳಿಯಲಿಲ್ಲ.

ಪಟ್ಟಿಯನ್ನು ರೂಪಿಸಿದ ಡಾ. ಆಯಿಷಾ ನದಾಫ್ ಅಂದು ಊಟದ ಹೊತ್ತಿಗೆ ಮನೆಗೇ ಬಂದು ಪರೀಕ್ಷಿಸಿದರು. ದೋಷ ಸಿಗಲಿಲ್ಲ.

“ಪಟ್ಟಿಗೆ ತಾನಾಗೇ ಏನೂ ಗೊತ್ತಿಲ್ರೀ. ಆಸ್ಪತ್ರ್ಯಾಗ ಅದಕ್ಕ ಕಲಿಸೋ ವಾರದಾಗ, ಹೊಟ್ಟಿ ತುಂಬಿದ ಕೂಡ್ಲೇ ಗುಂಡಿ ಒತ್ತಿ ಅಂದಿದ್ದೆ. ಒತ್ತಿದಾಗ ಖರೇನ ತುಂಬಿತ್ತೇನು?”

ಸಿಂಚನಾ ತಲೆ ತಗ್ಗಿಸಿದಳು. ರೊಟ್ಟಿ ತರುತ್ತಿದ್ದ ಹಿರಿಯ ಓರಗಿತ್ತಿ ಭುವನಾ ನಕ್ಕಳು.

“ಈಕಿನ್ನೇನು ಕೇಳ್ತೀರಿ ಡಾಕ್ಟ್ರೇ. ಮಂದಿ ಮುಂದ ಗುಬ್ಬಿ ಹಂಗ ತಿಂತಿದ್ಲು. ಖರೇ ಹಕೀಕತ್ ಅಡಗಿಮನಿ ಡಬ್ಬಿಗೆ ಗೊತ್ತು.”

ರೂಢಿಯಂತೆ ಸಿಂಚನಾಳೂ ನಕ್ಕಳು. ಆಯಿಷಾ ನಗಲಿಲ್ಲ. “ಆಸ್ಪತ್ರ್ಯಾಗ ಗುಂಡಿ ಒತ್ತುವಾಗ ಎದುರಿಗೆ ಯಾರಿದ್ರು?”

“ನೀವಿದ್ರಿ ಮೇಡಂ, ನರ್ಸ್ ಇದ್ರು. ಇಷ್ಟು ದಪ್ಪ ಇದ್ದಾಕಿ ಇನ್ನೊಂದು ರೊಟ್ಟಿ ಕೇಳಿದ್ರ ಏನಂದಾರು ಅಂತ... ಲಗೂನ ಒತ್ತಿಬಿಟ್ಟೆ.”

“ಹಂಗಾರ ಪಟ್ಟಿ ನಿಮ್ಮ ಹೊಟ್ಟಿ ತುಂಬೂದನ್ನ ಕಲ್ತಿಲ್ಲ. ನಿಮ್ಮ ನಾಚಿಕಿನ್ನ ಕಲ್ತೈತಿ. ಮತ್ತ ಕಲಿಸಬೇಕು. ಕದ್ದು ತಿಂದ್ರ ಮತ್ತ ತಪ್ಪೇ ಕಲೀತೈತಿ. ಮಂದಿ ಮುಂದನ ಉಣ್ಣಬೇಕು.”

“ತೂಕ ಮತ್ತ ಬಂದ್ರ? ಮೂರನೇ ಸಲ ಕೊಯ್ಸಿಕೊಳ್ಳಾಕ ನನ್ನ ಕೈಲೆ ಆಗಂಗಿಲ್ರೀ.”

“ಸ್ವಲ್ಪ ಬರಬಹುದು. ಬರಂಗಿಲ್ಲ ಅಂತ ಆಣಿ ಮಾಡಲಾರೆ.”

ಸಿಂಚನಾ ಕಿಟಕಿಯಾಚೆ ರಸ್ತೆಯನ್ನು ನೋಡಿದಳು. ಆಮೇಲೆ ತಟ್ಟೆ ಹತ್ತಿರಕ್ಕೆ ಎಳೆದುಕೊಂಡಳು. ಆಯಿಷಾ ಪಟ್ಟಿ ಕಲಿತದ್ದನ್ನೆಲ್ಲ ಅಳಿಸಿ, ಗುಂಡಿಯನ್ನು ಅವಳ ಎಡಗೈಗೆ ಕೊಟ್ಟರು. ಒಂದು ರೊಟ್ಟಿ ಮುಗಿಯಿತು. ಅವಳ ಬೆರಳು ಗುಂಡಿಯ ಮೇಲೆ ಹೋಗಿ, ಹಿಂದೆ ಬಂತು.

“ಅಕ್ಕಾ, ಇನ್ನೊಂದು ಹಾಕ್ರಿ.”

ಭುವನಾ ಈ ಸಲ ನಗದೆ ರೊಟ್ಟಿ ಹಾಕಿ ಎದುರಿಗೆ ಕುಳಿತಳು. ಅದರಲ್ಲಿ ಅರ್ಧ ಉಂಡು ಸಿಂಚನಾ ಗುಂಡಿ ಒತ್ತಿದಳು.

“ಈ ನಾಚಿಕಿ ಯಾವಾಗಿಂದ?” ಆಯಿಷಾ ಮೆಲ್ಲಗೆ ಕೇಳಿದರು.

“ಸಣ್ಣಾಕಿದ್ದಾಗ, ಒಂದು ಮದುವ್ಯಾಗ ಎರಡನೇ ಹೋಳಿಗಿ ಕೇಳಿದ್ದೆ. ಪಂಕ್ತಿಗೆ ಪಂಕ್ತಿನೇ ನಕ್ಕಿತ್ತು.”

ಅದು 2025ರ ಸುಮಾರಿನ ಮಾತು. ನಕ್ಕವರಾರೂ ಕೆಟ್ಟವರಲ್ಲ. ಕೈ ತೊಳೆದು, ತಾಂಬೂಲ ತೆಗೆದುಕೊಂಡು, ಊಟ ಚೆನ್ನಾಗಿತ್ತು ಎನ್ನುತ್ತ ಮನೆಗೆ ಹೋಗಿದ್ದರು.