ಎರಡೂವರೆಯ ಕರೆ

"ನನ್ನ ಅಪ್ಪನ ಜೊತೆ ಕೊನೆಗೆ ಮಾತಾಡಿದ್ದು ಯಾರು?"

ಬಾಗಿಲಲ್ಲಿ ನಿಂತವನ ಕೈಗಳು ಮೊಣಕೈವರೆಗೂ ಸುಣ್ಣದಿಂದ ಬೆಳ್ಳಗಿದ್ದವು. ಕಣ್ಣು ಮಾತ್ರ ಕೆಂಡ. ಕೋಣೆಯಲ್ಲಿದ್ದ ಆರು ಹುಡುಗಿಯರೂ ತಮ್ಮ ತಮ್ಮ ರಿಸೀವರ್ ಕೆಳಗಿಟ್ಟರು.

ಅವನು ವಿಳಾಸ ಹೇಳಿದ. ಹಳೇ ಕಟ್ಟಡ, ಐದನೇ ಮಹಡಿ, ತಾರಸಿಗೆ ಅಂಟಿಕೊಂಡ ಒಂದೇ ಕೋಣೆ.

ಕಿಟಕಿಯ ಪಕ್ಕ ಕೂತಿದ್ದವಳಿಗೆ ತಕ್ಷಣ ತಿಳಿಯಿತು. ಲಿಫ್ಟ್ ಅಜ್ಜ...

ಆ ವರ್ಷ ಬೇಸಿಗೆ ತನ್ನ ಮಿತಿ ಮರೆತಿತ್ತು. ಹಗಲು ಸುಡುವುದು ಯಾರಿಗೂ ಹೊಸದಲ್ಲ. ಆದರೆ ಕತ್ತಲಾದ ಮೇಲೂ ಬಿಸಿ ಇಳಿಯುತ್ತಿರಲಿಲ್ಲ. ಮೂರು ವಾರದಿಂದ ಒಂದು ಎಲೆ ಅಲುಗಿರಲಿಲ್ಲ. ನಸುಕಿನಲ್ಲಿ ಗೋಡೆ ಮುಟ್ಟಿದರೂ ಒಲೆಯ ಬೆನ್ನು ಮುಟ್ಟಿದಂತೆ. ಜನ ಒದ್ದೆ ಚಾದರ ಹೊದ್ದು ಬರಿ ನೆಲದ ಮೇಲೆ ಮಲಗುತ್ತಿದ್ದರು. ಅಂಗಡಿಗಳು ಬೆಳಗಿನ ಜಾವ ತೆರೆದು ಒಂಬತ್ತಕ್ಕೆಲ್ಲ ಬಾಗಿಲು ಎಳೆದುಕೊಳ್ಳುತ್ತಿದ್ದವು.

ಒಂಟಿ ಮುದುಕರು ಮುಚ್ಚಿದ ಬಾಗಿಲ ಹಿಂದೆ ಸದ್ದಿಲ್ಲದೆ ಸಾಯತೊಡಗಿದ ಮೇಲೆ ನಗರಸಭೆ ಈ ಫೋನಿನ ಕೋಣೆ ತೆರೆದಿತ್ತು. ಒಬ್ಬೊಬ್ಬಳಿಗೆ ಮೂವತ್ತು ಮನೆ, ಮನೆಗೆ ದಿನಕ್ಕೆರಡು ಕರೆ. ಉತ್ತರ ಬಂದರೆ ಪುಸ್ತಕದ ಚೌಕದಲ್ಲಿ 'ಕ್ಷೇಮ' ಅಂತ ಬರೆಯಬೇಕು. ಬರದಿದ್ದರೆ ಅರ್ಧ ಗಂಟೆಯೊಳಗೆ ಯಾರಾದರೂ ಹೋಗಿ ಬಾಗಿಲು ತಟ್ಟಬೇಕು.

"ನಾನೇ ಮಾತಾಡಿದ್ದು," ಅಂದಳು ಅವಳು.

ಅವನು ನಿನ್ನೆ ಸಂಜೆ ಏಳಕ್ಕೆ ಕೆಲಸ ಮುಗಿಸಿ ಮನೆಗೆ ಹೋದಾಗ ಅಪ್ಪ ಕುರ್ಚಿಯಲ್ಲೇ ಹೋಗಿಬಿಟ್ಟಿದ್ದರಂತೆ. ಯಾವಾಗ ಹೋದರು ಅಂತ ಡಾಕ್ಟರನ್ನು ಕೇಳಿದನಂತೆ. ಈ ಸೆಕೆಯಲ್ಲಿ ಹೊತ್ತು ಹೇಳುವುದು ಕಷ್ಟ, ಮೈ ತಣ್ಣಗಾಗುವುದೇ ಇಲ್ಲವಲ್ಲ ಅಂದರಂತೆ ಅವರು.

ಹೇಳುತ್ತಲೇ ಅವನ ಕಣ್ಣು ಮೇಜಿನ ಮೇಲಿನ ಪುಸ್ತಕಕ್ಕೆ ಬಿತ್ತು. ಬಿಳಿ ಬೆರಳು ಒಂದು ಚೌಕದ ಮೇಲೆ ನಿಂತಿತು.

"ಎರಡೂವರೆಗೆ ಕ್ಷೇಮ ಅಂತ ಬರ್ದಿದೀರಿ. ಚೆನ್ನಾಗಿದ್ರಾ?"

ಗೋಡೆಯ ಪಕ್ಕದಲ್ಲಿ ಮೇಲ್ವಿಚಾರಕಿ ಕನ್ನಡಕದ ಮೇಲಿಂದ ನೋಡುತ್ತಿದ್ದಳು. ಹುಡುಗಿ ಪುಸ್ತಕದಿಂದ ಕಣ್ಣೆತ್ತಲಿಲ್ಲ.

"ಚೆನ್ನಾಗಿದ್ರು."

ಅವನು ಪಕ್ಕದ ಕುರ್ಚಿಯ ಮೇಲೆ ಕುಸಿದ. ಬಹಳ ಹೊತ್ತು ಏಳಲಿಲ್ಲ.

ಹಿಂದಿನ ದಿನ ಎರಡೂವರೆಗೆ ಅವಳು ಫೋನ್ ಮಾಡಿರಲೇ ಇಲ್ಲ.

ಸೋಮಾರಿತನದಿಂದಲ್ಲ. ಕರೆ ಶುರುವಾದ ವಾರದಲ್ಲೇ ಅಜ್ಜ ಬೇಡಿಕೊಂಡಿದ್ದರು. ರಾತ್ರಿ ಕಣ್ಣಿಗೆ ಕಣ್ಣು ಹತ್ತುವುದಿಲ್ಲ, ಮಧ್ಯಾಹ್ನ ಒಂದು ಗಳಿಗೆ ಮಂಪರು ಬರುತ್ತದೆ, ನಿನ್ನ ಗಂಟೆ ಅದನ್ನೂ ಕಿತ್ತುಕೊಳ್ಳುತ್ತದೆ ಮಗಳೇ ಅಂತ. ನಲವತ್ತು ವರ್ಷ ದೊಡ್ಡ ಆಸ್ಪತ್ರೆಯಲ್ಲಿ ಲಿಫ್ಟ್ ನಡೆಸಿದವರು. ಜನರನ್ನೆಲ್ಲ ಮೇಲಕ್ಕೆ ಕಳಿಸಿದೆ, ನನ್ನ ಸರದಿಗೇ ಲಿಫ್ಟ್ ಕೆಟ್ಟಿದೆ ಅಂತ ನಗುತ್ತಿದ್ದರು. ಅಂಥವರಿಗೆ ಇಲ್ಲ ಅನ್ನುವುದು ಹೇಗೆ?

ಹನ್ನೆರಡು ದಿನ ಎರಡನೇ ಚೌಕವನ್ನು ಸುಮ್ಮನೆ ತುಂಬಿದ್ದಳು. ಕರುಣೆ ಅಂತ ಅದಕ್ಕೊಂದು ಹೆಸರನ್ನೂ ಇಟ್ಟಿದ್ದಳು.

ಮೂರನೇ ದಿನ ಅವನು ಮತ್ತೆ ಬಂದ. ಕೈಯಲ್ಲಿ ಏಣಿ, ಬಕೆಟ್ಟು, ಉದ್ದ ಕೋಲಿನ ಬ್ರಷ್ಷು. ತಾರಸಿಗೆ ಸುಣ್ಣ ಬಳಿದರೆ ಕೆಳಗಿನ ಕೋಣೆ ಒಂದಿಷ್ಟು ತಣ್ಣಗಾಗುತ್ತದೆ ಅಂತ ಊರಲ್ಲಿ ಸುಣ್ಣ ಬಳಿಯುವವರಿಗೆ ಬಿಡುವಿರಲಿಲ್ಲ. ನಗರಸಭೆಯ ತಾರಸಿ ಅವನ ಪಾಲಿಗೆ ಬಂದಿತ್ತು. ಮೇಲ್ವಿಚಾರಕಿ ಅವನಿಗೆ 'ಸುಣ್ಣಪ್ಪ' ಅಂತ ಹೆಸರಿಟ್ಟಳು. ಅವನು ಅದಕ್ಕೆ ಓಗೊಟ್ಟೂ ಬಿಟ್ಟ.

ನೀರು ಕುಡಿಯಲು ಇಳಿದಾಗಲೆಲ್ಲ ಅವಳ ಕಿಟಕಿಯ ಬಳಿ ನಿಲ್ಲುತ್ತಿದ್ದ. ಅಪ್ಪ ಏನೇನು ಹೇಳುತ್ತಿದ್ದರು ಅಂತ ಕೇಳುತ್ತಿದ್ದ. ಅವಳು ದಿನಕ್ಕೊಂದು ಹೇಳುತ್ತಿದ್ದಳು, ಬೇಗ ಮುಗಿದುಹೋಗದಿರಲಿ ಅಂತ.

"'ದೀಪದ ಬುಡ ಕತ್ತಲೆ ಅಂತಾರಲ್ಲ ಮಗಳೇ, ಹಾಗೇ ಸುಣ್ಣದವನ ಅಪ್ಪನ ತಲೆ ಮೇಲೇ ಕಪ್ಪು ತಾರಸಿ' ಅಂತಿದ್ರು," ಅಂದಳು ಒಂದು ದಿನ.

ಅವನು ಜೋರಾಗಿ ನಕ್ಕ. ಆಮೇಲೆ ಮುಖ ತಿರುಗಿಸಿ ಗೋಡೆ ನೋಡುತ್ತ ನಿಂತ.

ಅವನ ಬರುವಿಕೆಗೆ ಕಿವಿ ಕಾಯುವುದು ಯಾವಾಗ ಶುರುವಾಯಿತೋ ಅವಳಿಗೇ ತಿಳಿಯಲಿಲ್ಲ. ಏಣಿಯ ಸದ್ದಾದರೆ ಸಾಕು, ಫೋನಿನ ಆಚೆಯ ಅಜ್ಜಿ ಏನಂದಳೆಂಬುದು ತಪ್ಪಿಹೋಗುತ್ತಿತ್ತು. ಒಮ್ಮೆ ಅವನು ಒದ್ದೆ ಗೋಣಿಚೀಲ ತಂದು ಅವಳ ಕಿಟಕಿಗೆ ಕಟ್ಟಿದ. ಉಳಿದ ಕಿಟಕಿಗಳಿಗೆ ಯಾಕಿಲ್ಲ ಅಂತ ಹುಡುಗಿಯರು ಕಾಡಿದರು. ಗೋಣಿ ಒಂದೇ ಇತ್ತು ಅಂತ ನೆಲ ನೋಡಿದ. ಇಪ್ಪತ್ತಾರು ವರ್ಷದಲ್ಲಿ ಅವಳಿಗಾಗಿ ಯಾರೂ ಏನನ್ನೂ ಕಟ್ಟಿರಲಿಲ್ಲ.

ಅವನಿಗೆ ಗೊತ್ತಾದರೆ...? ಅಂದುಕೊಂಡಾಗಲೆಲ್ಲ ಪುಸ್ತಕವನ್ನು ಮುಚ್ಚಿಡುತ್ತಿದ್ದಳು. ಕೆಲಸ ಹೋಗುತ್ತದೆ. ಅದಕ್ಕಿಂತ ಮೊದಲು ಈ ಕಿಟಕಿ ಖಾಲಿಯಾಗುತ್ತದೆ.

ಹನ್ನೊಂದನೇ ದಿನ, ನೀರಿನ ಲೋಟ ಕೈಯಲ್ಲಿ ಹಿಡಿದೇ, ಅವನು ಹೇಳಿದ.

"ಆವತ್ತು ಮೂರು ಗಂಟೆಗೆ ನಾನು ನಮ್ಮ ಬೀದಿಗೆ ಬಂದಿದ್ದೆ. ಸಂಜೆ ಕೆಲಸಕ್ಕೆ ಸುಣ್ಣ ಇರ್ಲಿಲ್ಲ, ಕೆಳಗಿನ ಗೋಡೌನಿಂದ ಚೀಲ ತಗೊಂಡೆ. ಮೇಲೆ ಹೋಗ್ಲಾ ಅಂತ ಒಂದು ಸಲ ಮೆಟ್ಟಿಲು ನೋಡ್ದೆ. ಕಾಲು ಸೋತಿತ್ತು. ಮಲಗಿರ್ತಾರೆ ಬಿಡು ಅಂತ ಹೊರಟೆ."

ಅವನು ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟ.

"ಎರಡೂವರೆಗೆ ಚೆನ್ನಾಗಿದ್ರು ಅಂತ ನೀವೇ ಹೇಳಿದ್ರಿ. ಅಂದ್ರೆ ಮೂರಕ್ಕೆ ಹತ್ತಿದ್ದಿದ್ರೆ ಉಳೀತಿದ್ರು ಅಲ್ವಾ?"

ಉತ್ತರಕ್ಕೆ ಕಾಯದೆ ಅವನು ಬಕೆಟ್ಟು ಎತ್ತಿಕೊಂಡು ಹೋದ.

ಅವನ ಕೆಲಸ ಆಗ ಪಕ್ಕದ ಶಾಲೆಯ ತಾರಸಿಗೆ ಬಂದಿತ್ತು. ಬೇರೆ ಕೆಲಸದವರೆಲ್ಲ ಹತ್ತಕ್ಕೇ ಇಳಿದರು. ಹನ್ನೆರಡಾದರೂ ಅವನು ಇಳಿಯಲಿಲ್ಲ. ತಲೆಗೆ ಬಟ್ಟೆಯಿಲ್ಲ. ಬಿಳಿ ತಾರಸಿಯ ಝಳದಲ್ಲಿ ಅವನ ಆಕಾರ ನಡುಗುತ್ತಿತ್ತು. ಒಂದು ವಾರದಿಂದ ಹೀಗೇ ಮಾಡುತ್ತಿದ್ದಾನೆ, ಬೈದರೂ ಕೇಳುವುದಿಲ್ಲ ಅಂದಳು ಮೇಲ್ವಿಚಾರಕಿ.

"ಸಾಯೋಕೆ ಸುಣ್ಣ ಬಳೀತಿದಾನೆ ಆ ಸುಣ್ಣಪ್ಪ. ಅವರಪ್ಪನ ಹಿಂದೆ ಇವನೂ ಹೊರಟ."

ಅವಳಿಗೆ ಆಗ ಅರ್ಥವಾಯಿತು. ಎರಡೂವರೆಯ ಚೌಕದಲ್ಲಿ ತಾನು ಬರೆದ ಎರಡಕ್ಷರ ಅವನನ್ನು ದಿನವೂ ಬಿಸಿಲಿಗೆ ನಿಲ್ಲಿಸುತ್ತಿತ್ತು.

ಫೋನು ಬಿಟ್ಟೆದ್ದಳು. ಶಾಲೆಯ ಮೆಟ್ಟಿಲು ಹತ್ತುವಾಗ ಕೈಗಂಬಿ ಅಂಗೈ ಸುಟ್ಟಿತು. ಮೇಲೆ ಬೆಳಕಿಗೆ ಕಣ್ಣು ಬಿಡಲಾಗಲಿಲ್ಲ. ಅವನು ಮಂಡಿಯೂರಿ ಮೂಲೆಗೆ ಬಳಿಯುತ್ತಿದ್ದ. ತುಟಿ ಸೀಳಿತ್ತು.

"ನಾನು ಫೋನ್ ಮಾಡಿರ್ಲಿಲ್ಲ," ಅಂದಳು.

ಬ್ರಷ್ಷು ನಿಂತಿತು.

ನಿಂತಲ್ಲೇ ಎಲ್ಲ ಹೇಳಿದಳು. ಅಜ್ಜನ ನಿದ್ದೆ, ಹನ್ನೆರಡು ದಿನದ ಸುಳ್ಳು ಚೌಕಗಳು. ಬೆಳಿಗ್ಗೆ ಹತ್ತಕ್ಕೆ ಮಾತಾಡಿದ್ದೇ ಕೊನೆ, ಆಮೇಲೆ ಏನಾಯಿತೋ ಯಾರಿಗೂ ಗೊತ್ತಿಲ್ಲ, ಮೂರಕ್ಕೆ ಹತ್ತಿದ್ದರೂ ಅವರು ಇರುತ್ತಿದ್ದರು ಅನ್ನುವುದಕ್ಕೆ ಆಧಾರವಿಲ್ಲ. ಹೇಳುವಾಗ ಅಳಲಿಲ್ಲ. ಅತ್ತು ಕ್ಷಮೆ ಗಿಟ್ಟಿಸಿಕೊಳ್ಳುವುದು ಇನ್ನೊಂದು ಮೋಸ ಅನ್ನಿಸಿತು.

ಅವನು ಎದ್ದ. ಅವಳನ್ನು ದಾಟಿ ಮೆಟ್ಟಿಲಿಳಿದ. ಬ್ರಷ್ಷಿನ ಸುಣ್ಣ ಅಲ್ಲೇ ಕಣ್ಣೆದುರಿಗೇ ಒಣಗಿತು.

ನೆರಳಿಗಾದರೂ ಹೋದನಲ್ಲ... ಅಂದುಕೊಂಡಳು. ಅಷ್ಟೇ ಸಮಾಧಾನ.

ಅದೇ ಮಧ್ಯಾಹ್ನ ಪುಸ್ತಕವನ್ನು ಮೇಲ್ವಿಚಾರಕಿಯ ಮುಂದಿಟ್ಟು ಹನ್ನೆರಡು ಚೌಕ ತೋರಿಸಿದಳು. ಮೇಲ್ವಿಚಾರಕಿ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದಳು. ನೀನೊಬ್ಬಳೇ ಅಂದುಕೊಂಡಿದ್ದೀಯಾ, ಬಾಯಿ ಮುಚ್ಚಿಕೊಂಡು ಕೂತಿದ್ದರೆ ಆಗುತ್ತಿತ್ತು ಅಂತ ಗೊಣಗಿದಳು. ಮರುದಿನದಿಂದ ಅವಳಿಗೆ ಫೋನಿರಲಿಲ್ಲ. ಉತ್ತರ ಬಾರದ ಮನೆಗಳಿಗೆ ನಡೆದು ಹೋಗಿ ಬಾಗಿಲು ತಟ್ಟುವ ಕೆಲಸ ಕೊಟ್ಟರು. ಯಾರೂ ಒಪ್ಪದ ಕೆಲಸ.

ಕೆಲವರು ಬಾಗಿಲು ತೆರೆದು ಬೈದರು. ಕೆಲವರು ಒಳಗೆ ಕರೆದು ಬಿಡಲೇ ಇಲ್ಲ. ಎರಡು ಬಾಗಿಲನ್ನು ಒಡೆಯಬೇಕಾಯಿತು. ಆ ಎರಡೂ ಸಲ ಅವಳು ಬೀದಿಯ ನಲ್ಲಿಯ ಕೆಳಗೆ ತಲೆಯೊಡ್ಡಿ ಕೂತಿದ್ದಳು. ನೀರೂ ಬಿಸಿಯಾಗಿತ್ತು.

ಮನೆಯಲ್ಲಿ ಅಮ್ಮ ಕೆಲಸ ಬಿಡು ಅಂದಳು. ಬಿಡಲಿಲ್ಲ.

ಒಂಬತ್ತನೇ ದಿನ ಅವಳು ಒಂದು ಕಟ್ಟಡದ ಎರಡನೇ ಮಹಡಿಯ ತಿರುವಿನಲ್ಲಿ ಉಸಿರು ಕಟ್ಟಿ ಕೂತಿದ್ದಾಗ ಕೆಳಗಿನಿಂದ ಯಾರೋ ಹತ್ತಿ ಬಂದರು. ಅವನು. ಕೈ ತೊಳೆದುಕೊಂಡಿದ್ದ, ಸುಣ್ಣವಿಲ್ಲದ ಅವನ ಬೆರಳುಗಳನ್ನು ಅವಳು ಮೊದಲ ಸಲ ನೋಡುತ್ತಿದ್ದಳು. ತಲೆಗೊಂದು ಬಟ್ಟೆ ಸುತ್ತಿದ್ದ.

ಎರಡು ಮೆಟ್ಟಿಲು ಕೆಳಗೆ ಕೂತ. ಆಫೀಸಿನಲ್ಲಿ ಕೇಳಿಕೊಂಡು ಬಂದೆ ಅಂದ. ತಲೆಯ ಬಟ್ಟೆ ಬಿಚ್ಚಿ ಬೆವರು ಒರೆಸಿಕೊಂಡ.

"ನೀವು ಎರಡೂವರೆಗೆ ಫೋನ್ ಮಾಡಿದ್ದಿದ್ರೆ, ಅವರು ಎತ್ತದೇ ಇದ್ದಿದ್ರೆ, ಮೂರಕ್ಕೆಲ್ಲ ಯಾರಾದ್ರೂ ಬಂದಿರ್ತಿದ್ರು," ಅಂದ.

"ಹೌದು."

"ಮೂರಕ್ಕೆ ನಾನೇ ಅಲ್ಲಿದ್ದೆ."

"ಹೌದು."

"ಇಬ್ಬರೂ ಅವರು ಮಲಗಿರ್ತಾರೆ ಅಂದ್ಕೊಂಡ್ವಿ."

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಈ ಸಲ ಅಳು ತಡೆಯಲಾಗಲಿಲ್ಲ. ಅವನು ಸಮಾಧಾನ ಮಾಡಲಿಲ್ಲ. ಅದು ಮುಗಿಯುವವರೆಗೆ ಕಾದ.

"ಕ್ಷಮಿಸಿದೀನಾ ಅಂತ ಕೇಳ್ಬೇಡಿ," ಅಂದ. "ಇನ್ನೂ ಆಗಿಲ್ಲ. ಆಗತ್ತೋ ಇಲ್ವೋ ಗೊತ್ತಿಲ್ಲ."

"ಕೇಳಲ್ಲ."

"ಆದ್ರೆ ಒಂಬತ್ತು ದಿನ ನಿಮ್ಮನ್ನ ದ್ವೇಷಿಸೋಕೆ ನೋಡ್ದೆ. ಬೆಳಿಗ್ಗೆ ಎದ್ದು ಮೊದಲು ನೆನಪಾಗೋದು ನೀವೇ. ದ್ವೇಷ ಅಂದ್ಕೊಂಡೇ ನೆನಪು ಮಾಡ್ಕೋತಿದ್ದೆ. ನಿನ್ನೆ ಗೊತ್ತಾಯ್ತು, ಅದು ದ್ವೇಷ ಅಲ್ಲ."

ಅವಳು ತಲೆಯೆತ್ತಿ ಅವನನ್ನು ನೋಡಿದಳು.

"ಕ್ಷಮೆಗಿಂತ ಮೊದಲು ಅದು ಬಂದು ಕೂತ್ಬಿಟ್ಟಿದೆ. ಅದಕ್ಕೇ ಸಿಟ್ಟು ಜಾಸ್ತಿ."

"ಆ ಸಿಟ್ಟು ಇರ್ಲಿ," ಅಂದಳು ಅವಳು, ದನಿ ಒಡೆದು. "ಇಟ್ಕೊಂಡೇ ಇರಿ. ಆದ್ರೆ... ನನ್ನ ಹತ್ರ ಇರಿ."

ಅವನು ಒಂದು ಮೆಟ್ಟಿಲು ಮೇಲಕ್ಕೆ ಬಂದು ಕೂತ. ಸೀಳಿದ ತುಟಿ ಮಾಗುತ್ತಿರುವುದು ಅವಳಿಗೆ ಹತ್ತಿರದಿಂದ ಕಂಡಿತು.

ಹೊರಗೆ ಬಿಸಿಲು ಹಾಗೇ ಇತ್ತು. ಇನ್ನೂ ಹದಿನೈದು ದಿನ ಇಳಿಯುವುದಿಲ್ಲ ಅಂತ ಬೆಳಿಗ್ಗೆ ರೇಡಿಯೋದಲ್ಲಿ ಹೇಳಿದ್ದರು. ನಾಲ್ಕನೇ ಮಹಡಿಯಲ್ಲಿ ಒಬ್ಬ ಅಜ್ಜಿ ಬೆಳಗಿನ ಕರೆಗೆ ಉತ್ತರಿಸಿರಲಿಲ್ಲ.

ಅವಳು ಗೋಡೆ ಹಿಡಿದು ಎದ್ದಳು.

"ಮೇಲೆ ಒಂದು ಮನೆ ಇದೆ. ಬಾಗಿಲು ತೆಗೀತಾರೋ ಇಲ್ವೋ ಗೊತ್ತಿಲ್ಲ. ಇಲ್ಲೇ ಕಾಯ್ತೀರಾ?"

"ಇಲ್ಲ," ಅಂದ.

ಅವಳ ಮುಖ ಬಾಡಿತು.

ಅವನು ಎದ್ದು ಅವಳ ಕೈ ಹಿಡಿದ.

"ಜೊತೆಗೆ ಹತ್ತೋಣ."