ಎರಡನೇ ಪೊಟ್ಟಣದ ಕೊಬ್ಬು

ಇದು ನಡೆದದ್ದೇ. ಒಂದಕ್ಷರ ಸುಳ್ಳಿದ್ದರೂ ನನ್ನ ನಾಲಿಗೆಗೆ ಹುಳ ಬೀಳಲಿ, ಬಾಯಲ್ಲಿ ಉಳಿದಿರುವ ನಾಲ್ಕು ಹಲ್ಲೂ ಉದುರಲಿ.

ಒಂದು ಲ್ಯಾಬ್ ಇತ್ತು. ಕಸಾಯಿಖಾನೆಯಿಂದ ದನ, ಕುರಿ, ಹಂದಿಗಳ ಕೊಬ್ಬು ಅಲ್ಲಿಗೆ ಬರುತ್ತಿತ್ತು. ಮೇವಿಗೆ ಹೊಡೆದ ಕೀಟನಾಶಕ, ಮೈಗೆ ಚುಚ್ಚಿದ ಔಷಧಿ, ಎಲ್ಲವೂ ಕೊನೆಗೆ ಹೋಗಿ ಕೊಬ್ಬಿನಲ್ಲಿ ಠಿಕಾಣಿ ಹೂಡುತ್ತವೆ. ಆ ಕೊಬ್ಬನ್ನು ಅರೆದು, ಕರಗಿಸಿ, ವಿಷ ಹುಡುಕುವ ಯಂತ್ರಕ್ಕೆ ಉಣಿಸುವವಳಿಗೆ ಎಲ್ಲರೂ ಕೊಬ್ಬಕ್ಕ ಅಂತಲೇ ಹೆಸರಿಟ್ಟಿದ್ದರು. ಸಂಜೆ ಅವಳು ಮನೆಗೆ ಹೊರಟರೆ ಹದಿನೇಳು ಬೆಕ್ಕು ಸಾಲಾಗಿ ಹಿಂದೆ ನಡೆಯುತ್ತಿದ್ದವು. ನಾನೇ ಎಣಿಸಿದ್ದೇನೆ.

ಆ ಸೋಮವಾರ ಯಂತ್ರದ ಕಾಗದದ ಮೇಲೆ ಗೆರೆ ಗೋಪುರದ ಹಾಗೆ ಎದ್ದು ನಿಂತಿತು. ಕುರಿಯ ಕೊಬ್ಬಿನಲ್ಲಿ ಕೀಟನಾಶಕ! ಮೂರು ವರ್ಷದಲ್ಲಿ ಇದೇ ಮೊದಲು.

"ಸಿಕ್ತು!" ಲ್ಯಾಬಿನ ಸಾಹೇಬರು ಕುಣಿದಾಡಿದರು. "ಒಂದೂ ವಿಷ ಸಿಗಲ್ಲ, ಈ ಲ್ಯಾಬ್ ಯಾಕೆ ಅಂತ ಮೇಲಿನವರು ಬೀಗ ಹಾಕೋಕೆ ಹೊರಟಿದ್ರು. ಈಗ ಹಾಕ್ಲಿ ನೋಡೋಣ!"

ಅವರ ಹಿಂದೆ ಮೇಷ್ಟ್ರು ಕನ್ನಡಕ ಒರೆಸುತ್ತ ನಿಂತಿದ್ದರು. ಮೂವತ್ತು ವರ್ಷ ಅಲ್ಲೇ ಸವೆದ ಜೀವ. ಚಾಕು ಹಿಡಿಯುವುದರಿಂದ ಹಿಡಿದು ಕೊಬ್ಬಕ್ಕನಿಗೆ ಎಲ್ಲ ಕಲಿಸಿದವರು ಅವರೇ. ಲ್ಯಾಬಿನಲ್ಲಿ ಇದ್ದದ್ದು ಈ ಮೂರೇ ಜನ.

* * *

ಮಧ್ಯಾಹ್ನ ಆ ಕುರಿಯನ್ನು ಸಾಕಿದ ಕುರಿಯವಳು ಬಾಗಿಲಿಗೆ ಬಂದಳು. ಅವಳ ಮಂದೆಯಲ್ಲಿ ಉಳಿದ ನಲವತ್ತು ಕುರಿಗಳನ್ನೂ ಮಾರನೇ ದಿನ ಕೊಂದು ಹೂಳಬೇಕೆಂದು ಆಜ್ಞೆಯಾಗಿತ್ತು. ಗುಂಡಿ ಆಗಲೇ ಅರ್ಧ ತೋಡಿಯಾಗಿತ್ತು.

"ಕುರಿಗೆ ಔಷಧಿ ಹೊಡೆದ್ಯಾ?" ಕೊಬ್ಬಕ್ಕ ಕೇಳಿದಳು.

"ಹೊಡೆಯೋಕೆ ನಿನ್ನ ಗಂಡ ತಂದುಕೊಟ್ಟಿದ್ನಾ?"

"ನೆಟ್ಟಗೆ ಮಾತಾಡು."

"ಗುಂಡಿಗೆ ಬೀಳೋದು ನನ್ನ ಕುರಿ, ತಾಯಿ. ನೆಟ್ಟಗಿರೋ ಮಾತು ಎಲ್ಲಿಂದ ತರ್ಲಿ? ಒಂದೊಂದರದ್ದೂ ಉಣ್ಣಿ ಕೈಯಲ್ಲೇ ಕಿತ್ತಿದ್ದೀನಿ. ಉಗುರು ನೋಡು."

ಉಗುರು ನೋಡುವ ಹಾಗಿರಲಿಲ್ಲ.

"ನಿನಗೆ ಆಗದವರು ಯಾರಾದ್ರೂ?"

"ಕಸಾಯಿಖಾನೇಲಿ ಒಬ್ಬ ಕಟುಕ ಇದ್ದಾನಲ್ಲ, ಹಲ್ಲು ಕಿಸಿಯೋನು. ಮಂದೇನೆಲ್ಲ ತನಗೇ ಕೊಡು ಅಂತ ಬೆನ್ನು ಹತ್ತಿದ್ದ. ಕೊಡಲ್ಲ ಹೋಗು ಅಂದಿದ್ದೆ."

ಕೊಬ್ಬಕ್ಕ ಕಸಾಯಿಖಾನೆಗೆ ಓಡಿದಳು. ಕಟುಕ ಕತ್ತಿ ಮಸೆಯುತ್ತಿದ್ದ.

"ಕುರಿ ಕಡಿದೋನು ನಾನೇ ಅಕ್ಕ. ಕೊಬ್ಬಿನ ಒಂದೇ ಗಡ್ಡೇನ ಎರಡು ಹೋಳು ಮಾಡಿದೆ. ನಿಮ್ಮ ಮೇಷ್ಟ್ರೇ ಎರಡು ಪೊಟ್ಟಣ ಕಟ್ಟಿ ಮೊಹರು ಒತ್ತಿದ್ರು. ನನ್ನ ಹತ್ರ ವಿಷ ಇದ್ದಿದ್ರೆ ಕುರಿಗ್ಯಾಕೆ ಹಾಕ್ಲಿ, ನಮ್ಮತ್ತೆ ಇಲ್ವಾ?"

ಎರಡು ಪೊಟ್ಟಣ! ಒಂದು ಪರೀಕ್ಷೆಗೆ. ಇನ್ನೊಂದು, ತಕರಾರು ಬಂದರೆ ಇರಲಿ ಅಂತ ಫ್ರೀಜರಿನಲ್ಲಿ. ಕುರಿಯ ಒಡೆಯರು ಬರೆದು ಕೇಳಿದರೆ ಮಾತ್ರ ಅದನ್ನು ಬಿಚ್ಚಬಹುದು. ಹಾಗೆ ಕೇಳಬಹುದೆಂದು ಕುರಿಯವಳಿಗೆ ಯಾರೂ ಹೇಳಿರಲಿಲ್ಲ. ಕೊಬ್ಬಕ್ಕ ಹೇಳಿದಳು, ತಾನೇ ಬರೆದಳು. ಕುರಿಯವಳು ಹೆಬ್ಬೆಟ್ಟು ಒತ್ತಿದಳು.

* * *

ಮಾರನೇ ಬೆಳಿಗ್ಗೆ ಎರಡನೇ ಪೊಟ್ಟಣ ಯಂತ್ರಕ್ಕೆ ಹೋಯಿತು. ಗೆರೆ ನಿಂತ ನೀರಿನ ಹಾಗೆ ಮಲಗಿತು. ವಿಷದ ಸುಳಿವೇ ಇಲ್ಲ.

ಆ ಲ್ಯಾಬಿನಲ್ಲಿ ಒಂದು ಪದ್ಧತಿಯಿತ್ತು. ಯಂತ್ರ ಸುಳ್ಳು ಹೇಳುತ್ತಿಲ್ಲ ತಾನೇ ಎಂದು ನೋಡಲು ದಿನವೂ ಶುದ್ಧ ಕೊಬ್ಬಿಗೆ ಒಂದು ಅಳತೆ ಕೀಟನಾಶಕ ಬೆರೆಸಿ ಪರೀಕ್ಷಿಸುತ್ತಿದ್ದರು. ಕೊಬ್ಬಕ್ಕ ಸೋಮವಾರದ ಆ ಬೆರಕೆ ಪರೀಕ್ಷೆಯ ಕಾಗದ ಹುಡುಕಿದಳು. ಕುರಿಯ ಕಾಗದದ ಮೇಲಿಟ್ಟು ಕಿಟಕಿಗೆ ಹಿಡಿದಳು. ಎರಡು ಗೋಪುರವೂ ಒಂದರೊಳಗೊಂದು ಕೂತವು.

ಎಲ್ಲರನ್ನೂ ಕರೆದಳು, ಬಾಗಿಲಲ್ಲಿ ಕಾದು ಕೂತಿದ್ದ ಕುರಿಯವಳನ್ನೂ.

"ಕಟುಕ ಹಾಕಿದ್ರೆ ಎರಡು ಪೊಟ್ಟಣದಲ್ಲೂ ಇರ್ಬೇಕಿತ್ತು. ಒಂದರಲ್ಲೇ ಇದೆ. ಅಂದ್ರೆ ಹಾಕಿದ್ದು ಇಲ್ಲೇ. ನಾನು ಕೊಬ್ಬು ಅರೆದಿಟ್ಟು ಕೈ ತೊಳೆಯೋಕೆ ಹೋದಾಗ."

"ಅಂದ್ರೆ ನಾನಾ?" ಸಾಹೇಬರು ಬೆವರಿದರು.

"ನೀವಲ್ಲ ಬಿಡಿ ಸರ್. ಟೀಗೆ ಸಕ್ಕರೆ ಹಾಕೋಕೂ ನಿಮಗೆ ಅಳತೆ ಗೊತ್ತಿಲ್ಲ. ಗೊತ್ತಿಲ್ಲದ ಕೈ ಆಗಿದ್ರೆ ಬಳಬಳ ಸುರೀತಿತ್ತು. ಇಲ್ಲಿ ನಾವು ದಿನಾ ಬೆರೆಸೋ ಅಷ್ಟೇ ಇದೆ, ಕೂದಲೆಳೆ ಹೆಚ್ಚಿಲ್ಲ, ಕಮ್ಮಿಯಿಲ್ಲ. ಆ ಕೀಟನಾಶಕದ ಬಾಟಲಿ ಇರೋ ಕಪಾಟಿನ ಬೀಗದ ಕೈ ಇರೋದು ಒಬ್ಬರ ಹತ್ರ. ಮೂವತ್ತು ವರ್ಷ ಅದೇ ಅಳತೆ ಹಾಕಿದ ಕೈ, ಮೋಸ ಮಾಡುವಾಗ್ಲೂ ಅಳತೆ ತಪ್ಪಲಿಲ್ಲ. ಅಲ್ವಾ ಮೇಷ್ಟ್ರೇ?"

ಮೇಷ್ಟ್ರು ಕನ್ನಡಕ ತೆಗೆದರು. "ಲ್ಯಾಬ್ ಮುಚ್ಚಿದ್ರೆ ನೀನೆಲ್ಲಿಗೆ ಹೋಗ್ತೀಯ ಹೇಳು? ನಾನೆಲ್ಲಿಗೆ? ಅವು ಕುರಿ ಕಣೇ. ಹೇಗಿದ್ರೂ ಒಂದಿನ ಸಾಯೋವೇ."

"ನೀವೇನು ಚಿರಂಜೀವಿನಾ ಯಜಮಾನ್ರೇ?" ಅಂದಳು ಕುರಿಯವಳು. "ಗುಂಡಿ ಹೇಗೂ ತೋಡಿದೆ, ಬನ್ನಿ."

* * *

ಕುರಿಗಳು ಉಳಿದವು. ಮೇಷ್ಟ್ರ ಕೆಲಸ ಹೋಯಿತು. ವಿಷ ಸಿಗದ ಲ್ಯಾಬ್ ದಂಡ ಅನ್ನುತ್ತಿದ್ದವರು, ವಿಷ ಬೆರೆಸುವ ಲ್ಯಾಬ್ ಇನ್ನೂ ದಂಡ ಅಂದು ತಿಂಗಳೊಳಗೆ ಬೀಗ ಜಡಿದರು. ಕೊಬ್ಬಕ್ಕ ಈಗ ಮಾಂಸದಂಗಡಿಯಲ್ಲಿ ತಕ್ಕಡಿ ಹಿಡಿಯುತ್ತಾಳೆ.

ಮೊನ್ನೆ ಕುರಿಯವಳು ಆರು ಕುರಿ ಹೊಡೆದುಕೊಂಡು ಅಲ್ಲಿಗೇ ಬಂದಳು. ಉಣ್ಣೆಯಿಂದ ಘಾಟು ವಾಸನೆ. ಕೊಬ್ಬಕ್ಕನಿಗೆ ಲ್ಯಾಬಿನ ಬಾಟಲಿಯ ಆ ವಾಸನೆ ಚೆನ್ನಾಗಿ ಗೊತ್ತು.

"ಯಾವಾಗ ಹೊಡೆದೆ ಔಷಧೀನ?"

"ಈಗ ತಿಂಗಳಿಂದ ಹೊಡೀತಿದ್ದೀನಿ, ನಿನ್ನೆ ಕೂಡ ಹೊಡೆದೆ. ಉಗುರಲ್ಲಿ ಉಣ್ಣಿ ಕಿತ್ತು ಸಾಕಾಯ್ತು ತಾಯಿ. ಈಗ ನೋಡೋರು ಯಾರಿದ್ದಾರೆ?"

ಕೊಬ್ಬಕ್ಕ ತಕ್ಕಡಿ ಒರೆಸಿ ಮುಂದಿಟ್ಟುಕೊಂಡಳು. ಸಂಜೆಗೆಲ್ಲ ಆರೂ ಕುರಿ ಖಾಲಿ.

ನಂಬಲ್ಲ ಅಂತೀರಾ? ಸರಿ ಹಾಗಾದರೆ. ಇವತ್ತು ನಿಮ್ಮನೆಯಲ್ಲಿ ಮಾಂಸ ಬೇಯುವಾಗ ಮೇಲೆ ತೇಲುವ ಕೊಬ್ಬಿನ ಮೊದಲ ಸೌಟು ನನ್ನೆದುರು ನೀವೇ ಕುಡಿದು ತೋರಿಸಿ. ಊಟದ ಹೊತ್ತಿಗೆ ಬರುತ್ತೇನೆ. ನನಗೆ ಬರೀ ಅನ್ನ ಸಾಕು.